ಬೆನ್ ಕೀತ್, ಪೀಟ್ ಡ್ರೇಕ್, ಲಾಯ್ಡ್ ಗ್ರೀನ್: ರಾಕ್ ತಾರೆಯರಿಗೆ ಪೆಡಲ್ ಸ್ಟೀಲ್ ನುಡಿಸಿದವರ ನೆನಪುಗಳು

ತಂತಿನಾದ

ರಾಕ್ ಗಾಯಕ ನೀಲ್ ಯಂಗ್ ಅವರನ್ನು ಕೇಳುವವರು ಇಲ್ಲಿ ಸಾಕಷ್ಟು ಜನ ಇದ್ದೀರಿ. ಆದರೆ ಅವರ ಪಕ್ಕದಲ್ಲಿ ಸುಮಾರು 40 ವರ್ಷ ಪೆಡಲ್ ಸ್ಟೀಲ್ ಗಿಟಾರ್ ನುಡಿಸಿದ ಬೆನ್ ಕೀತ್ ಬಗ್ಗೆ ಕನ್ನಡದಲ್ಲಿ ಒಂದು ಸಾಲನ್ನೂ ನಾನು ಓದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

1971ರ ಫೆಬ್ರುವರಿ. ಜಾನಿ ಕ್ಯಾಶ್ ಅವರ ಟಿವಿ ಕಾರ್ಯಕ್ರಮಕ್ಕೆ ಹಾಡಲು ನೀಲ್ ಯಂಗ್, ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ತವರು ನ್ಯಾಶ್‌ವಿಲ್‌ಗೆ ಬಂದಿದ್ದರು. ನಿರ್ಮಾಪಕ ಎಲಿಯಟ್ ಮೇಜರ್ ಜೊತೆ ಮಾತಾಡುತ್ತಾ, ಇಲ್ಲಿರುವಾಗಲೇ ಕೆಲವು ಹೊಸ ಹಾಡು ರೆಕಾರ್ಡ್ ಮಾಡಿಬಿಡೋಣ ಅಂದರು. ಮೇಜರ್ ಅವರ ಕ್ವಾಡ್ರಾಫೋನಿಕ್ ಸ್ಟುಡಿಯೊ ಅಂದರೆ ಒಂದು ಹಳೇ ಮನೆ. ನಡುಮನೆ, ಊಟದ ಕೋಣೆಗಳಲ್ಲೇ ವಾದ್ಯದವರು ಕೂರಬೇಕು. ವಾರಾಂತ್ಯ ಬೇರೆ, ಕೈಗೆ ಸಿಕ್ಕವರನ್ನು ಕರೆಯಬೇಕಾಯಿತು. ಬಾಸ್ ನುಡಿಸಲು ಬಂದ ಟಿಮ್ ಡ್ರಮಂಡ್, ಸ್ಟೀಲ್‌ಗೆ ಬೆನ್ ಕೀತ್ ಅವರನ್ನು ಕರೆಸಿದರು.

ಮುಂದಿನದನ್ನು ಕೀತ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅವರು ಬರುವ ಹೊತ್ತಿಗೆ ನುಡಿಸಾಟ ಶುರುವಾಗಿಬಿಟ್ಟಿತ್ತು. ಸದ್ದಿಲ್ಲದೆ ಒಳಗೆ ಹೋಗಿ, ವಾದ್ಯ ಜೋಡಿಸಿಕೊಂಡು, ತಾವೂ ಸೇರಿಕೊಂಡರು. ಒಂದಾದ ಮೇಲೊಂದು ಐದು ಹಾಡು ಮುಗಿದವು, ಆಮೇಲಷ್ಟೇ ಪರಸ್ಪರ ನಮಸ್ಕಾರ. ಆ ಹಾಡುಗಾರ ಯಾರು ಅನ್ನುವುದೇ ಕೀತ್‌ಗೆ ಗೊತ್ತಿರಲಿಲ್ಲ. ಪಕ್ಕದವರನ್ನು ಕೇಳಿ ತಿಳಿದುಕೊಂಡರಂತೆ.

1972ರಲ್ಲಿ ಬಂದ 'ಹಾರ್ವೆಸ್ಟ್' ಆಲ್ಬಮ್‌ನ 'ಹಾರ್ಟ್ ಆಫ್ ಗೋಲ್ಡ್' ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಮತ್ತೆ ಒಮ್ಮೆ ಹಾಕಿ ಕೇಳಿ. ಎದ್ದು ಕಾಣುವುದು ಮೌತ್ ಆರ್ಗನ್. ಸ್ಟೀಲ್ ಎಲ್ಲೂ ಮುಂದೆ ಬರುವುದಿಲ್ಲ. ಎಳೆದ ಒಂದು ಸ್ವರ ಬರುತ್ತದೆ, ನಿಲ್ಲುತ್ತದೆ, ಹಾಡು ಮುಂದೆ ಸಾಗುತ್ತದೆ. ಅದನ್ನು ತೆಗೆದುಬಿಟ್ಟರೆ ಹಾಡಿನ ಸುತ್ತಲಿನ ಜಾಗವೆಲ್ಲ ಬರಿದಾಗುತ್ತದೆ. ತಾರೆ ಯಾರು ಅಂತ ಗೊತ್ತಿಲ್ಲದ್ದರಿಂದಲೇ ಕೀತ್ ಹಾಡಿಗೆ ಬೇಕಾದಷ್ಟನ್ನೇ ನುಡಿಸಿದರು ಅಂತ ನನ್ನ ನಂಬಿಕೆ. ಮೆಚ್ಚಿಸಬೇಕಾದ ಮನುಷ್ಯ ಅಲ್ಲಿರಲಿಲ್ಲ, ಕೇಳಿಸಿಕೊಳ್ಳಬೇಕಾದ ಹಾಡು ಮಾತ್ರ ಇತ್ತು.

ನೀವೇನಂತೀರಿ?

ಬೆಣ್ಣಿಹಳ್ಳ

ಭಾಳ ಚಲೋ ಬರದೀರಿ. ಹಾಡು ನೂರು ಸಲ ಕೇಳೇನಿ, ಆ ವಾದ್ಯದ ಹೆಸರು ಮಾತ್ರ ಇವತ್ತು ಗೊತ್ತಾತು. ಪೆಡಲ್ ಅಂದ್ರ ಹೆಂಗ್ರೀ ಅದು? ನಮ್ಮ ಕಡೆ ನಾಟಕ ಕಂಪನಿ ಲೆಗ್ ಹಾರ್ಮೋನಿಯಂ ಹಂಗ ಕಾಲಿಲೆ ತುಳಿಯೂದೇನು? ಗಾಳಿ ಊದೂದಂತೂ ಇರಲಿಕ್ಕಿಲ್ಲ, ತಂತಿ ವಾದ್ಯ ಅಂತೀರಿ. ಯಾರರೇ ಬಿಡಿಸಿ ಹೇಳ್ರಿ.

ಆಸ್ಟಿನ್‌ವಾಸಿ

ನಾನು ಟೆಕ್ಸಸ್‌ನಲ್ಲಿದ್ದೇನೆ, ಕೆಲವು ವರ್ಷಗಳಿಂದ ಈ ವಾದ್ಯ ಕಲಿಯುತ್ತಿದ್ದೇನೆ. ಆದಷ್ಟು ಬಿಡಿಸಿ ಹೇಳುತ್ತೇನೆ.

ನೋಡಲು ಕಾಲುಗಳಿರುವ ಉದ್ದನೆಯ ಮರದ ಹಲಗೆ. ಮೇಲೆ 10 ತಂತಿ. ಒತ್ತಿಹಿಡಿಯುವ ಮೆಟ್ಟಿಲುಗಳಿಲ್ಲ, ಜಾಗ ಗೊತ್ತಾಗಲು ಗೆರೆ ಮಾತ್ರ ಬರೆದಿರುತ್ತಾರೆ. ಎಡಗೈಯಲ್ಲಿ ಭಾರವಾದ ಉಕ್ಕಿನ ದುಂಡು ಕಡ್ಡಿ, ಅದನ್ನು ತಂತಿಗಳ ಮೇಲೆ ಜಾರಿಸಬೇಕು. ಬಲಗೈ ಹೆಬ್ಬೆರಳಿಗೆ ಒಂದು, ಮುಂದಿನ ಎರಡು ಬೆರಳಿಗೆ ಎರಡು ಪಿಕ್. ಬಲಗಾಲು ವಾಲ್ಯೂಮ್ ಪೆಡಲ್ ಮೇಲೆ. ಎಡಗಾಲು ಸಾಮಾನ್ಯವಾಗಿ ಮೂರು ಪೆಡಲ್‌ಗಳ ಮೇಲೆ ಓಡಾಡುತ್ತಿರುತ್ತದೆ. ಎರಡೂ ಮೊಣಕಾಲುಗಳ ಅಕ್ಕಪಕ್ಕ ಲಿವರ್‌ಗಳು, ಅವನ್ನು ಮೊಣಕಾಲಿನಿಂದಲೇ ತಳ್ಳಬೇಕು. ಹಲಗೆಯನ್ನು ತಿರುಗಿಸಿ ಹಾಕಿದರೆ ತಳದಲ್ಲಿ ಸರಳು, ಕೊಕ್ಕೆ, ಸ್ಪ್ರಿಂಗುಗಳ ಸಾಲು. ಪೆಡಲ್ ತುಳಿದಾಗ ಸರಳು ಎಳೆಯುತ್ತದೆ, ತಂತಿ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಕಾಲೆತ್ತಿದರೆ ತಂತಿ ಮೊದಲಿನ ಸ್ವರಕ್ಕೆ ವಾಪಸ್.

ನಮ್ಮ ಸ್ವರಗಳಲ್ಲಿ ಹೇಳುವುದೇ ಸುಲಭ. ನ್ಯಾಶ್‌ವಿಲ್‌ನವರು ಹೆಚ್ಚಾಗಿ ಬಳಸುವ ಇ9 ಶ್ರುತಿಯಲ್ಲಿ ಇ ಸ್ವರವನ್ನು ಷಡ್ಜ ಅಂತಿಟ್ಟುಕೊಳ್ಳಿ. ಮಧ್ಯದ ತಂತಿಗಳಲ್ಲಿ ಸ, ಅಂತರ ಗಾಂಧಾರ, ಪಂಚಮ ಸಿಗುತ್ತವೆ. ಮೊದಲ ಪೆಡಲ್ ತುಳಿದರೆ ಪಂಚಮ ಮೇಲಕ್ಕೆ ಹೋಗಿ ಚತುಶ್ರುತಿ ಧೈವತ ಆಗುತ್ತದೆ. ಎರಡನೆಯದನ್ನು ತುಳಿದರೆ ಗಾಂಧಾರ ಶುದ್ಧ ಮಧ್ಯಮ ಆಗುತ್ತದೆ. ಎರಡನ್ನೂ ಒಟ್ಟಿಗೆ ತುಳಿದರೆ ಸ‑ಗ‑ಪ ಹೋಗಿ ಸ‑ಮ‑ಧ ಬರುತ್ತದೆ. ಎಡಗೈ ಒಂದು ಕೂದಲೆಳೆಯಷ್ಟೂ ಅಲುಗಿರುವುದಿಲ್ಲ. ಷಡ್ಜ ಇದ್ದಲ್ಲೇ ನಿಂತಿರುತ್ತದೆ, ಅದರ ಪಕ್ಕದ ಎರಡು ಸ್ವರ ಮಾತ್ರ ಜಾರಿಕೊಂಡು ಮೇಲೇರುತ್ತವೆ. ಜನ 'ಸ್ಟೀಲ್ ಅಳುತ್ತದೆ' ಅನ್ನುವುದು ಇದಕ್ಕೇ.

ಬಲಗಾಲಿನ ಕೆಲಸ ಕಣ್ಣಿಗೆ ಬೀಳುವುದಿಲ್ಲ. ತಂತಿ ಮೀಟಿದ ಕ್ಷಣದ ಗಡಸು ಸದ್ದನ್ನು ತಗ್ಗಿಸಿ, ಸ್ವರ ಆರುತ್ತಾ ಬಂದ ಹಾಗೆ ವಾಲ್ಯೂಮನ್ನು ಮೆಲ್ಲಗೆ ಏರಿಸುತ್ತಾ ಹೋದರೆ ಮೀಟಿದ ಸ್ವರ ಕಮಾನಿನಲ್ಲಿ ಎಳೆದಂತೆ ಕೇಳುತ್ತದೆ. ಬೆನ್ ಕೀತ್ ಆ ಒಂದೊಂದು ಸ್ವರವನ್ನು ಅಷ್ಟು ಹೊತ್ತು ಹಿಡಿದಿರುವುದು ಹೀಗೆ. ಕಲಿಯುವವರಿಗೆ ಅತಿ ಕಷ್ಟದ ಕೆಲಸ ಇದು. ಎರಡು ಕೈ, ಎರಡು ಪಾದ, ಎರಡು ಮೊಣಕಾಲಿಗೂ ಬೇರೆ ಬೇರೆ ಕೆಲಸ, ಅದರ ಮೇಲೆ ಕಿವಿಗೆ ಶ್ರುತಿ ಕಾಯುವ ಕೆಲಸ.

ಪೆಡಲ್‌ನ ಜಾರುವ ಸದ್ದು ಜನಪ್ರಿಯವಾದದ್ದು 1954ರಲ್ಲಿ. ವೆಬ್ ಪಿಯರ್ಸ್ ಅವರ ಒಂದು ಹಾಡಿನಲ್ಲಿ ಬಡ್ ಐಸಾಕ್ಸ್ ಅದನ್ನು ನುಡಿಸಿದರು. ಆಮೇಲೆ ಎಷ್ಟೋ ಸ್ಟೀಲ್ ವಾದಕರು ತಮ್ಮ ವಾದ್ಯಗಳಿಗೆ ಪೆಡಲ್ ಹಾಕಿಸಿಕೊಂಡರು. ಮೊದಲು ಒಂದೇ ಪೆಡಲ್ ಮಾಡುತ್ತಿದ್ದ ಕೆಲಸವನ್ನು ಎರಡು ಪೆಡಲ್‌ಗಳಿಗೆ ಹಂಚಿ ಇವತ್ತಿನ ರೂಪಕ್ಕೆ ತಂದವರಲ್ಲಿ ಬಡಿ ಎಮನ್ಸ್ ಮತ್ತು ಜಿಮ್ಮಿ ಡೇ ಮುಖ್ಯರು.

ಬೆಣ್ಣಿಹಳ್ಳ

ಸ‑ಗ‑ಪ ಹೋಗಿ ಸ‑ಮ‑ಧ! ಹಾರ್ಮೋನಿಯಂ ಮ್ಯಾಲೆ ಒತ್ತಿ ನೋಡಿದೆ. ಖರೇನ ಆ ಹಾಡಿನ ವಾಸನಿ ಬಂತು. ಧನ್ಯವಾದ ಅಣ್ಣಾರ.

ಕಾರಂಜಿಕೆರೆ

ನಾನು ಚಿತ್ರವೀಣೆ ಕಲಿತವಳು, ನಮ್ಮ ಕಡೆ ಗೋಟುವಾದ್ಯ ಅಂತಲೂ ಕರೆಯುತ್ತೇವೆ. ಅದರಲ್ಲೂ ಮೆಟ್ಟಿಲಿಲ್ಲ, ಜಾರುವ ಗೋಟಿನಿಂದಲೇ ನುಡಿಸುವುದು. ಹಾಗಾಗಿ ಸ್ಟೀಲ್ ಗಿಟಾರ್ ಕೇಳಿದ ಮೊದಲ ಸಲವೇ ನನಗೆ ಪರಿಚಿತ ಅನ್ನಿಸಿತ್ತು.

ಸ್ಟೀಲ್ ಗಿಟಾರ್‌ನ ಮೂಲ ಹವಾಯಿ. 19ನೇ ಶತಮಾನದ ಕೊನೆಯಲ್ಲಿ ಜೋಸೆಫ್ ಕೆಕುಕು ಅನ್ನುವ ಹುಡುಗ ಅದನ್ನು ರೂಢಿಗೆ ತಂದ ಅನ್ನುತ್ತಾರೆ. ಅವನಿಗಿಂತ ಮೊದಲೇ ಹವಾಯಿಯಲ್ಲಿ ಗೇಬ್ರಿಯಲ್ ಡೇವಿಯನ್ ಅನ್ನುವ, ಭಾರತದಲ್ಲಿ ಹುಟ್ಟಿದ ನಾವಿಕನೊಬ್ಬ ಹೀಗೆ ತಂತಿಯ ಮೇಲೆ ಜಾರಿಸಿ ನುಡಿಸುತ್ತಿದ್ದ ಅಂತಲೂ ಹೇಳುವವರಿದ್ದಾರೆ. ಆ ಎಳೆ ಹಿಡಿದು ಗೋಟುವಾದ್ಯದಿಂದಲೇ ಹೋಗಿದ್ದು ಅಂತ ವಾದಿಸುವವರೂ ಇದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ, ಪುರಾವೆ ಸಾಲದು.

ನನಗೆ ಕುತೂಹಲ ಇರುವುದು ಎರಡರ ವ್ಯತ್ಯಾಸದಲ್ಲಿ. ನಮ್ಮ ಗೋಟು ಜಾರಿದರೆ ಅದರ ಕೆಳಗಿನ ತಂತಿಗಳೆಲ್ಲ ಒಟ್ಟಿಗೆ ಜಾರುತ್ತವೆ. ಗಮಕವೆಲ್ಲ ಒಂದೇ ಸ್ವರದ ಓಡಾಟ. ಆಸ್ಟಿನ್‌ವಾಸಿಯವರು ಹೇಳಿದ ಹಾಗೆ ಅಲ್ಲಿ ಒಂದು ಸ್ವರ ನಿಂತಿರುವಾಗಲೇ ಪಕ್ಕದ ಸ್ವರ ಅದರಿಂದ ದೂರ ಸರಿಯುತ್ತದೆ. ನಮ್ಮ ಸಂಗೀತಕ್ಕೆ ಅದು ಬೇಕಿಲ್ಲ, ಅವರ ಸಂಗೀತ ಸ್ವರಮೇಳದ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಮೇಲೆ ನಿಂತಿರುವುದರಿಂದ ಬೇಕು.

ತಂತಿನಾದ ಅವರ ಮಾತು ಪಕ್ಕವಾದ್ಯದವರಿಗೆಲ್ಲ ಅರ್ಥವಾಗುವಂಥದ್ದು. ಪಲ್ಲವಿ ಹಾಡುವವರ ನೆರವಲ್ಗೆ ಎಲ್ಲಿ ಉತ್ತರ ಕೊಡಬೇಕು, ಎಲ್ಲಿ ಕೈ ಕಟ್ಟಿ ಕೂರಬೇಕು ಅನ್ನುವುದು ಪಾಠದಲ್ಲಿ ಬರುವುದಿಲ್ಲ.

ತಂತಿನಾದ

ಎಲ್ಲರಿಗೂ ವಂದನೆ. ಗೊತ್ತಿಲ್ಲದೆ ಹೋದದ್ದರ ಇನ್ನೊಂದು ಕಥೆ ಪೀಟ್ ಡ್ರೇಕ್ ಅವರದ್ದು.

1932ರಲ್ಲಿ ಜಾರ್ಜಿಯಾದ ಆಗಸ್ಟಾದಲ್ಲಿ ಹುಟ್ಟಿದವರು. 1960ರ ದಶಕದ ನ್ಯಾಶ್‌ವಿಲ್‌ನಲ್ಲಿ ಬಹಳ ಬೇಡಿಕೆಯ ವಾದಕ. ಬಾಬ್ ಡಿಲನ್ 1967ರಲ್ಲಿ ಅಲ್ಲಿ ಮಾಡಿದ ಆಲ್ಬಮ್‌ನ ಕೊನೆಯ ಎರಡು ಹಾಡಿಗೆ ನುಡಿಸಿದರು, ಅದರ ಮುಂದಿನದಕ್ಕೂ ನುಡಿಸಿದರು. 1970ರಲ್ಲಿ ಅವರ ಕಚೇರಿಗೆ ಫೋನ್ ಬಂತು. ಜಾರ್ಜ್ ಹ್ಯಾರಿಸನ್ ಲೈನಿನಲ್ಲಿದ್ದಾರೆ ಅಂದರು ಸೆಕ್ರೆಟರಿ. ಡ್ರೇಕ್ ಕೇಳಿದ್ದು, ಯಾವ ಊರಿನವರು? ಲಂಡನ್. ಯಾವ ಕಂಪನಿ? ಬೀಟಲ್ಸ್. ಇದನ್ನು ಅವರು ಮುಚ್ಚುಮರೆ ಇಲ್ಲದೆ ಎಲ್ಲರಿಗೂ ಹೇಳುತ್ತಿದ್ದರು. ಅವರ ಲೋಕದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಂಟ್ರಿ ಹಾಡುಗಳೇ, ಆ ಹೆಸರಿಗೆ ಜಾಗವಿರಲಿಲ್ಲ.

ಲಂಡನ್‌ಗೆ ಹೋದರು, 'ಆಲ್ ಥಿಂಗ್ಸ್ ಮಸ್ಟ್ ಪಾಸ್'ಗೆ ನುಡಿಸಿದರು. ಆ ಆಲ್ಬಮ್‌ನಲ್ಲಿ ನಿರ್ಮಾಪಕ ಫಿಲ್ ಸ್ಪೆಕ್ಟರ್ ಅವರ ದಟ್ಟ ಸದ್ದು ನಿಮಗೆ ಗೊತ್ತು. ಒಂದರ ಮೇಲೊಂದು ಗಿಟಾರ್, ಪಿಯಾನೊ, ಡ್ರಮ್ಸ್. 'ಬಿಹೈಂಡ್ ದಟ್ ಲಾಕ್ಡ್ ಡೋರ್' ಬಂದಾಗ ಮಾತ್ರ ಆ ಗೋಡೆ ಸರಿದು ಸ್ಟೀಲ್‌ಗೆ ದಾರಿ ಸಿಗುತ್ತದೆ. ಹ್ಯಾರಿಸನ್ ಒಂದು ಸಾಲು ಹಾಡುತ್ತಾರೆ, ಡ್ರೇಕ್ ಅದಕ್ಕೆ ಉತ್ತರ ಕೊಡುತ್ತಾರೆ. ಆ ಹಾಡು ಹ್ಯಾರಿಸನ್ ಡಿಲನ್ ಅವರಿಗಾಗಿ ಬರೆದದ್ದು, ಡಿಲನ್ ಜೊತೆ ಕೂತು ನುಡಿಸಿದವರೇ ಅದಕ್ಕೆ ನುಡಿಸಲು ಬಂದದ್ದು ನನಗೆ ಬಹಳ ಹಿಡಿಸುವ ಸಂಗತಿ.

ಆ ಲಂಡನ್ ಪ್ರವಾಸದಿಂದ ಇನ್ನೆರಡು ಕೆಲಸ ಆದವು. ಡ್ರೇಕ್ ಅವರನ್ನು ಕರೆತರಲು ಹೋಗಿದ್ದು ರಿಂಗೊ ಸ್ಟಾರ್ ಕಾರು. ಅದರಲ್ಲಿ ಕಂಟ್ರಿ ಸಂಗೀತದ ಟೇಪುಗಳನ್ನು ನೋಡಿ ಡ್ರೇಕ್‌ಗೆ ಅಚ್ಚರಿ. ಮಾತು ಬೆಳೆಯಿತು, ಕೆಲವೇ ವಾರಗಳಲ್ಲಿ ರಿಂಗೊ ನ್ಯಾಶ್‌ವಿಲ್‌ಗೆ ಬಂದು ಡ್ರೇಕ್ ನಿರ್ಮಾಣದಲ್ಲಿ ಪೂರ್ತಿ ಒಂದು ಕಂಟ್ರಿ ಆಲ್ಬಮ್ ಮಾಡಿದರು. ಎಂಜಿನಿಯರ್ ಯಾರು ಗೊತ್ತೆ? ಎಲ್ವಿಸ್ ಪ್ರೆಸ್ಲಿಯ ಮೊದಲ ಗಿಟಾರ್ ವಾದಕ ಸ್ಕಾಟಿ ಮೂರ್.

ಇನ್ನೊಂದು, ಟಾಕ್ ಬಾಕ್ಸ್. ಡ್ರೇಕ್ ಗಿಟಾರ್ ಸದ್ದನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ತಮ್ಮ ಬಾಯಿಗೆ ಬಿಟ್ಟುಕೊಂಡು, ಗಂಟಲಿನಿಂದ ಸದ್ದು ಮಾಡದೆ ಬಾಯಿಯ ಆಕಾರ ಬದಲಿಸುತ್ತಾ ವಾದ್ಯದಿಂದ ಮಾತಾಡಿಸುತ್ತಿದ್ದರು. ಆ ತಂತ್ರದಲ್ಲಿ 1964ರಲ್ಲೇ ಒಂದು ಜನಪ್ರಿಯ ರೆಕಾರ್ಡ್ ಕೊಟ್ಟಿದ್ದರು. ಹ್ಯಾರಿಸನ್ ರೆಕಾರ್ಡಿಂಗ್ ಸೆಷನ್‌ಗೆ ಬಂದಿದ್ದ ಯುವಕ ಪೀಟರ್ ಫ್ರಾಂಪ್ಟನ್ ಎದುರು ಅದನ್ನು ಮಾಡಿ ತೋರಿಸಿದರು. ಮುಂದೆ 1976ರ ಲೈವ್ ಆಲ್ಬಮ್‌ನಲ್ಲಿ ಫ್ರಾಂಪ್ಟನ್ ಅದನ್ನು ಬಳಸಿ ಲೋಕಪ್ರಸಿದ್ಧರಾದರು. ಅದು ಡ್ರೇಕ್‌ರಿಂದ ಕಲಿತದ್ದು ಅಂತ ಇವತ್ತಿಗೂ ಪ್ರೀತಿಯಿಂದ ನೆನೆಯುತ್ತಾರೆ.

ಹಳೇಪ್ಲೇಟು

ತಂತಿನಾದ ಅವರೇ, ಕಥೆಗಳು ಚೆನ್ನಾಗಿವೆ, ಒಪ್ಪುತ್ತೇನೆ. ಆದರೆ 'ಗೊತ್ತಿಲ್ಲದ್ದರಿಂದ ಚೆನ್ನಾಗಿ ನುಡಿಸಿದರು' ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದರಿಂದ ಅವರ ದುಡಿಮೆಗೆ ಅನ್ಯಾಯವಾಗುತ್ತದೆ.

ನ್ಯಾಶ್‌ವಿಲ್ ಪದ್ಧತಿ ನೋಡಿ. ಸೆಷನ್ ಅಂದರೆ ಮೂರು ಗಂಟೆ. ಬೆಳಿಗ್ಗೆ 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಬೇಡಿಕೆ ಇರುವವರು ದಿನಕ್ಕೆ ನಾಲ್ಕಕ್ಕೂ ಹೋಗುತ್ತಿದ್ದರು. ಒಂದೊಂದು ಸೆಷನ್‌ನಲ್ಲಿ ಮೂರು ನಾಲ್ಕು ಹಾಡು ಮುಗಿಯಬೇಕು. ಬರೆದ ಸಂಗೀತ ಇಲ್ಲ. ಹಾಡನ್ನು ಒಂದೆರಡು ಸಲ ಕೇಳಿ, ಸ್ವರಮೇಳಗಳನ್ನು 1, 4, 5 ಅಂತ ಅಂಕಿಯಲ್ಲಿ ಚೀಟಿಯ ಮೇಲೆ ಗೀಚಿಕೊಂಡು ನುಡಿಸಲು ಕೂರುತ್ತಿದ್ದರು. ಜಾರ್ಡನೇರ್ಸ್ ತಂಡದ ನೀಲ್ ಮ್ಯಾಥ್ಯೂಸ್ ಶುರು ಮಾಡಿದ ಆ ಅಂಕಿ ಪದ್ಧತಿಯನ್ನು ಚಾರ್ಲಿ ಮೆಕಾಯ್ ಮುಂತಾದವರು ಊರಿಗೆಲ್ಲ ಹಬ್ಬಿಸಿದರು. ಹಾಡುಗಾರನಿಗೆ ಶ್ರುತಿ ಎತ್ತರವಾಯಿತು ಅಂದರೆ ಚೀಟಿ ಬದಲಿಸಬೇಕಿಲ್ಲ, ಅಂಕಿಗಳು ಅವೇ. ಕರ್ನಾಟಕ ಸಂಗೀತದವರು ಸ‑ರಿ‑ಗ ಬರೆದುಕೊಂಡು ಯಾವ ಶ್ರುತಿಗಾದರೂ ಹಾಡುವುದಿಲ್ಲವೇ, ಹಾಗೆ.

ಬೆನ್ ಕೀತ್ 1971ರಲ್ಲಿ ಹೊಸಬರೇನಲ್ಲ. ಪ್ಯಾಟ್ಸಿ ಕ್ಲೈನ್ ಅವರ 'ಐ ಫಾಲ್ ಟು ಪೀಸಸ್' 1961ರಲ್ಲಿ ಬಂತು, ಅದರ ಸ್ಟೀಲ್ ಅವರದ್ದೇ. ಅಂದರೆ ಹತ್ತು ವರ್ಷ ಈ ಗರಡಿಯಲ್ಲಿ ಪಳಗಿದ ಮನುಷ್ಯ. ಬಾಗಿಲು ತೆರೆದು ಒಳಗೆ ಬಂದು, ಗುರುತಿಲ್ಲದವನ ಹಾಡಿಗೆ ಆ ಕ್ಷಣಕ್ಕೆ ಸೇರಿಕೊಳ್ಳಲು ಆಯಿತು ಅಂದರೆ ಕಾರಣ ಆ ಪಳಗುವಿಕೆ. ನೀಲ್ ಯಂಗ್ ಯಾರೆಂದು ಗೊತ್ತಿದ್ದರೂ ಅವರು ಅದನ್ನೇ ನುಡಿಸುತ್ತಿದ್ದರು. ಆ ದಿನ ಡ್ರಮ್ಸ್‌ಗೆ ಕೂತಿದ್ದ ಕೆನ್ನಿ ಬಟ್ರಿ ಕೂಡ ಡಿಲನ್ ಜೊತೆ ಆಲ್ಬಮ್ ಮೇಲೆ ಆಲ್ಬಮ್ ಮಾಡಿದವರು.

ತಂತಿನಾದ

ಹಳೇಪ್ಲೇಟು ಅವರೇ, ಪಳಗಿದ ಕೈ ಇಲ್ಲದೆ ಏನೂ ಆಗದು, ಒಪ್ಪಿದೆ. ಆದರೆ ಅದೇ ಪಳಗಿದ ಕೈಗಳು ಅದೇ ಊರಿನಲ್ಲಿ ಸಾವಿರಾರು ಹಾಡಿಗೆ ಅಚ್ಚು ಹಾಕಿದಂತೆ ನುಡಿಸಿದ್ದೂ ಇದೆ. ಮೂರು ಗಂಟೆಯಲ್ಲಿ ನಾಲ್ಕು ಹಾಡು ಮುಗಿಸುವಾಗ ಹಳೇ ವರಸೆಗಳೇ ಕೈಗೆ ಬರುತ್ತವೆ. ಆ ವಾರಾಂತ್ಯ ಗಡಿಯಾರ ಇರಲಿಲ್ಲ, ಹಾಡು ಕಂಟ್ರಿಯೂ ಅಲ್ಲ ರಾಕ್ ಕೂಡ ಅಲ್ಲ. ಕೀತ್ ವರಸೆಗಳನ್ನೆಲ್ಲ ಪಕ್ಕಕ್ಕಿಟ್ಟರು. ಕ್ಲೈನ್ ಹಾಡಿನಲ್ಲಿರುವ ಸ್ಟೀಲ್ ಮತ್ತು 'ಹಾರ್ವೆಸ್ಟ್' ಸ್ಟೀಲ್ ಎರಡನ್ನೂ ಒಂದರ ಹಿಂದೊಂದು ಕೇಳಿ. ಒಬ್ಬರೇ ಅಂತ ಹೇಳಲು ಕಷ್ಟ.

ನೇತ್ರಾವತಿ ತೀರ

ಇಬ್ಬರ ಮಾತಿನಲ್ಲೂ ಹುರುಳಿದೆ ಮಾರಾಯ್ರೆ. ಆದರೆ ಲಾಯ್ಡ್ ಗ್ರೀನ್ ಹೆಸರು ಇನ್ನೂ ಯಾರೂ ಎತ್ತಲಿಲ್ಲ. ಅವರ ನೆನಪುಗಳನ್ನು ಓದಿದ ಮೇಲೆ ನನಗೆ 'ಕಡಿಮೆ ನುಡಿಸುವುದೇ ದೊಡ್ಡತನ' ಅನ್ನುವ ಮಾತಿನ ಬಗ್ಗೆಯೇ ಸಂಶಯ ಬಂತು.

1968ರ ಮಾರ್ಚ್‌ನಲ್ಲಿ ಬರ್ಡ್ಸ್ ತಂಡ ನ್ಯಾಶ್‌ವಿಲ್‌ನ ಕೊಲಂಬಿಯಾ ಸ್ಟುಡಿಯೊಗೆ ಬಂತು. ಅಷ್ಟು ಹೆಸರಾದ ರಾಕ್ ತಂಡ ಕಂಟ್ರಿ ಆಲ್ಬಮ್ ಮಾಡುವುದು ಆಗ ಯಾರೂ ನಿರೀಕ್ಷಿಸದ ಸಂಗತಿ. ತಂಡಕ್ಕೆ ಹೊಸದಾಗಿ ಸೇರಿದ್ದ ಗ್ರಾಮ್ ಪಾರ್ಸನ್ಸ್ ಅವರ ಒತ್ತಾಯ ಅದು. ಗ್ರೀನ್‌ಗೆ ಆಗ 30 ವರ್ಷ, ಕೈತುಂಬ ಕೆಲಸ. ಮೊದಲು ಡಿಲನ್ ಬರೆದ 'ಯು ಏಂಟ್ ಗೋಯಿನ್ ನೋವೇರ್' ತೆಗೆದುಕೊಂಡರು. ನ್ಯಾಶ್‌ವಿಲ್‌ನಲ್ಲಿ ಕೆಲಸ ಹಂಚಿಕೊಳ್ಳುವುದು ಪದ್ಧತಿ: ಮೊದಲ ಪದ್ಯದ ಸಂದಿಗಳು ಸ್ಟೀಲ್‌ಗೆ, ಎರಡನೆಯದು ಪಿಯಾನೊಗೆ, ಹೀಗೆ. ಅದಕ್ಕೇ ಗ್ರೀನ್ ಕೇಳಿದರು, ನಾನು ಎಲ್ಲೆಲ್ಲಿ ತುಂಬಬೇಕು? ತಂಡದವರು ಕೊಟ್ಟ ಉತ್ತರ, ಎಲ್ಲ ಕಡೆ.

ಆ ಉತ್ತರದಿಂದ ತಮಗಾದ ಸಂತೋಷವನ್ನು ಗ್ರೀನ್ ಎಷ್ಟೋ ದಶಕಗಳ ನಂತರವೂ ಹೇಳುತ್ತಿದ್ದರು. ಹಾಡು ಕೇಳಿದರೆ ಗೊತ್ತಾಗುತ್ತದೆ. ಶುರುವಾಗುವುದೇ ಸ್ಟೀಲ್‌ನಿಂದ, ಮೇಲಿನ ತಂತಿಗಳಲ್ಲಿ ತೆಳ್ಳಗೆ ಹೊಳೆಯುವ ಆ ಎರಡು ಮೂರು ಸ್ವರ. ಆಮೇಲೆ ಹಾಡಿನ ಅಡಿಯಲ್ಲಿ, ಸಾಲುಗಳ ನಡುವೆ, ಎಲ್ಲೆಲ್ಲೂ ಸ್ಟೀಲ್ ಹರಿದಾಡುತ್ತದೆ. ಆದರೂ ಒಂದು ಅಕ್ಷರವೂ ಅದರ ಅಡಿ ಸಿಕ್ಕುವುದಿಲ್ಲ. ನಿಯಮ ಪಾಲಿಸುವಾಗ ಆ ಮನುಷ್ಯನೊಳಗೆ ಎಷ್ಟು ಸಂಗೀತ ಉಳಿದುಹೋಗಿತ್ತು ಅಂತ ಯೋಚಿಸಿ.

ಅದರ ಮುಂದಿನ ವಾರ ನಡೆದದ್ದು ಅಷ್ಟೇ ನೋವಿನ ಕಥೆ. ಮಾರ್ಚ್ 15ರಂದು ಬರ್ಡ್ಸ್ ರೈಮನ್ ಸಭಾಂಗಣದಲ್ಲಿ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆ ಹತ್ತಿದರು. ಕಂಟ್ರಿ ಸಂಗೀತದವರಿಗೆ ಅದು ಗುಡಿ ಇದ್ದ ಹಾಗೆ. ಗ್ರೀನ್ ಸ್ಟೀಲ್ ಹಿಡಿದು ಅವರ ಜೊತೆ ಕೂತಿದ್ದರು. ಕ್ಯಾಲಿಫೋರ್ನಿಯಾದ ಉದ್ದ ಕೂದಲಿನ ಹುಡುಗರೆಂದು ಸಭಿಕರು ಗೇಲಿ ಮಾಡಿದರು, ಕೂಗಿದರು. ಮೆರ್ಲ್ ಹ್ಯಾಗರ್ಡ್ ಅವರ ಎರಡು ಹಾಡು ಹಾಡುವುದು ಅಂತ ನಿಗದಿಯಾಗಿತ್ತು. ಒಂದು ಮುಗಿಯುತ್ತಿದ್ದಂತೆ ಪಾರ್ಸನ್ಸ್ ಹೇಳದೆ ಕೇಳದೆ ಎರಡನೆಯದನ್ನು ಬಿಟ್ಟು, ಅಜ್ಜಿಗೆ ಅರ್ಪಣೆ ಅಂತ ತಮ್ಮದೇ 'ಹಿಕರಿ ವಿಂಡ್' ಎತ್ತಿಕೊಂಡರು. ನೇರ ಪ್ರಸಾರವಾಗುತ್ತಿದ್ದ ಕಾರ್ಯಕ್ರಮ. ಪರಿಚಯ ಮಾಡಿಕೊಟ್ಟಿದ್ದ ಟಾಂಪಾಲ್ ಗ್ಲೇಸರ್ ಕೆಂಡವಾದರು.

ನಾಳೆಯೂ ಆ ಊರಿನಲ್ಲೇ ದುಡಿದು ಬಾಳಬೇಕಾದವರು ಆ ವೇದಿಕೆಯಲ್ಲಿದ್ದ ಲಾಯ್ಡ್ ಗ್ರೀನ್. ನಾಚಿಕೆಯಿಂದ ವೇದಿಕೆಯಿಂದ ತೆವಳಿಕೊಂಡು ಹೋಗಿಬಿಡೋಣ ಅನ್ನಿಸಿತ್ತು ಅಂತ ಹೇಳಿದ್ದಾರೆ. ಆದರೂ ನುಡಿಸಿದರು. ಆ ಹುಡುಗರ ಬಗ್ಗೆ ಅವರು ಕಹಿ ಮಾತಾಡಿದ್ದನ್ನು ನಾನು ಎಲ್ಲೂ ಓದಿಲ್ಲ.

ಬೆಣ್ಣಿಹಳ್ಳ

ಗ್ಯಾಲರಿಯವರು ಒದರಾಡಿದಾಗ ಪ್ಯಾಟಿ ಮಾಸ್ತರು ಕೈ ಬಿಡದ ನುಡಿಸಿದ್ದು ನಮ್ಮ ಅಜ್ಜ ಹೇಳ್ತಿದ್ರು. ಆ ಧೈರ್ಯ ಒಂದ ಕುಲದ್ದು ಬಿಡ್ರಿ.

ಕಾರಂಜಿಕೆರೆ

ನೇತ್ರಾವತಿ ತೀರ ಅವರ ಬರಹ ಓದಿದ ಮೇಲೆ ಆ ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿದೆ. ನೀವು ಹೇಳಿದ್ದು ನಿಜ, ಒಂದು ಅಕ್ಷರವೂ ಸಿಕ್ಕಿಲ್ಲ. ಗ್ರೀನ್ ಹಾಡಿನ ಎತ್ತರಕ್ಕಿಂತ ಮೇಲಿನ ಸ್ಥಾಯಿಯಲ್ಲೇ ಹೆಚ್ಚಾಗಿ ಓಡಾಡುತ್ತಾರೆ. ಗಾಯಕರು ಮಧ್ಯ ಸ್ಥಾಯಿಯಲ್ಲಿರುವಾಗ ಪಿಟೀಲಿನವರು ತಾರಕ್ಕೆ ಹೋಗಿ ದಾರಿ ಬಿಟ್ಟುಕೊಡುವುದುಂಟು. ಇನ್ನೊಂದು ಗಮನಿಸಿದೆ: ಹಾಡುಗಾರ 'ಸ' ಕಾರ ಹೇಳುವಾಗ ಅವರ ಸ್ವರ ಏರುತ್ತಾ ಬರುತ್ತದೆ, ಸ್ವರಾಕ್ಷರ ಬಂದ ಕೂಡಲೇ ಇಳಿಯುತ್ತದೆ. ವಾಲ್ಯೂಮ್ ಪೆಡಲ್ ಅಂದರೆ ಇದೇ ಇರಬೇಕು ಅಲ್ಲವಾ?

ಹೆಚ್ಚೋ ಕಡಿಮೆಯೋ ಅನ್ನುವುದಕ್ಕಿಂತ, ಹಾಡುಗಾರನ ಉಸಿರನ್ನು ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವುದು ಮುಖ್ಯ ಅನ್ನಿಸುತ್ತದೆ. ಇದು ತಂತಿನಾದ ಅವರು ಮೊದಲು ಹೇಳಿದ್ದಕ್ಕೆ ವಿರೋಧವಲ್ಲ.

ಆಸ್ಟಿನ್‌ವಾಸಿ

ಹೌದು ಮೇಡಂ, ಅದೇ. ಒಳ್ಳೆಯ ಕಿವಿ ನಿಮ್ಮದು.

ಪಳಗಿದ ಕೈ ಬೇಕೇ ಬೇಕು ಅನ್ನುವವರಿಗೆ ಒಂದು ಮಾತು. 1970ರ 'ಟೀಚ್ ಯುವರ್ ಚಿಲ್ಡ್ರನ್' ಹಾಡಿಗೆ ಸ್ಟೀಲ್ ನುಡಿಸಿದ್ದು ಗ್ರೇಟ್‌ಫುಲ್ ಡೆಡ್‌ನ ರಾಕ್ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ. ಅವರು ಈ ವಾದ್ಯವನ್ನು ಕೈಗೆತ್ತಿಕೊಂಡು ಬಹಳ ಕಾಲ ಆಗಿರಲಿಲ್ಲ. ನುರಿತವರು ಅದರಲ್ಲಿ ತಪ್ಪು ಹುಡುಕಬಹುದು. ಆದರೆ ಆ ಹಾಡಿನ ಮೊದಲ ನಾಲ್ಕು ಸೆಕೆಂಡ್ ಕೇಳಿ ಸ್ಟೀಲ್ ಕಲಿಯಬೇಕು ಅಂದುಕೊಂಡವರು ನನಗೆ ಇಲ್ಲಿ ಎಷ್ಟೋ ಜನ ಸಿಕ್ಕಿದ್ದಾರೆ. ನಾನೂ ಅವರಲ್ಲಿ ಒಬ್ಬ.

ಪೂರ್ತಿ ಬೇರೆ ದಾರಿ ಹಿಡಿದವರು ಸ್ನೀಕಿ ಪೀಟ್ ಕ್ಲೈನೋ. ಬರ್ಡ್ಸ್ ಬಿಟ್ಟ ಪಾರ್ಸನ್ಸ್ ಕಟ್ಟಿದ ಫ್ಲೈಯಿಂಗ್ ಬರಿಟೊ ಬ್ರದರ್ಸ್‌ನಲ್ಲಿ ಸ್ಟೀಲ್ ಅವರದ್ದು. ಮೂಲ ಕಸುಬು ಬೊಂಬೆಗಳನ್ನು ಚೂರು ಚೂರೇ ಅಲುಗಿಸಿ ಚಿತ್ರ ತೆಗೆಯುವ ಅನಿಮೇಷನ್. ಸ್ಟೀಲ್‌ಗೆ ಸದ್ದನ್ನು ಒರಟಾಗಿಸುವ ಫಝ್ ಬಾಕ್ಸ್ ಹಾಕಿ ರಾಕ್ ಗಿಟಾರ್‌ನ ಹಾಗೆ ಗುಡುಗಿಸಿದರು. ನ್ಯಾಶ್‌ವಿಲ್ ಸೆಷನ್‌ನಲ್ಲಿ ಅದಕ್ಕೆ ಜಾಗ ಇರುತ್ತಿರಲಿಲ್ಲ.

ಹಳೇಪ್ಲೇಟು

ಗಾರ್ಸಿಯಾ ವಿಷಯದಲ್ಲಿ ನಿಮ್ಮ ಮಾತಿಗೆ ತಲೆಬಾಗುತ್ತೇನೆ. ಆ ಸ್ಟೀಲ್ ನನಗೂ ಬಹಳ ಇಷ್ಟ.

ಇನ್ನೊಂದು ಹೇಳಬೇಕು, ಹೇಳದಿದ್ದರೆ ಸಮಾಧಾನ ಆಗುವುದಿಲ್ಲ. ಈ ಸೆಷನ್ ವಾದಕರಿಗೆ ಸಿಗುತ್ತಿದ್ದದ್ದು ಸಂಘ ನಿಗದಿ ಮಾಡಿದ ಸೆಷನ್ ಕೂಲಿ. ರೆಕಾರ್ಡ್ ಹತ್ತು ಸಾವಿರ ಹೋಗಲಿ, ಹತ್ತು ಲಕ್ಷ ಹೋಗಲಿ, ಮೂರು ಗಂಟೆಗೆ ಅಷ್ಟೇ. ಆ ಕಾಲದ ಸಿಂಗಲ್ ರೆಕಾರ್ಡಿನ ಲೇಬಲ್ ನೋಡಿ, ಹಾಡಿದವರು, ಬರೆದವರು, ಕಂಪನಿ ಬಿಟ್ಟರೆ ನುಡಿಸಿದವರ ಹೆಸರಿಲ್ಲ. ಹ್ಯಾರಿಸನ್, ನೀಲ್ ಯಂಗ್ ಅಂಥವರು ಆಲ್ಬಮ್ ಕವರಿನಲ್ಲಿ ಹೆಸರು ಹಾಕಿದರು. ಡ್ರೇಕ್, ಕೀತ್ ಹೆಸರು ನಮ್ಮ ತನಕ ಬಂದದ್ದು ಹಾಗೆ. ರಾಕ್‌ನವರು ಈ ವಾದಕರಿಗೆ ಮಾಡಿದ ದೊಡ್ಡ ಉಪಕಾರ ಅದು.

ನನ್ನ ಹತ್ತಿರ ಕನ್ನಡ ಚಿತ್ರಗೀತೆಗಳ ಹಳೇ ಪ್ಲೇಟುಗಳು ರಾಶಿ ಇವೆ. ಮದರಾಸಿನ ಸ್ಟುಡಿಯೊಗಳಲ್ಲಿ ರೆಕಾರ್ಡ್ ಆದವು. ಕೆಲವದರಲ್ಲಿ ಹವಾಯಿಯನ್ ಗಿಟಾರ್ ಇದೆ, ಎಷ್ಟು ಚೆನ್ನಾಗಿದೆ ಅಂದರೆ ಸೂಜಿ ಎತ್ತಿ ಮತ್ತೆ ಮತ್ತೆ ಅದೇ ಜಾಗಕ್ಕೆ ಇಡುತ್ತೇನೆ. ನುಡಿಸಿದವರು ಯಾರು? ಒಂದರ ಮೇಲೂ ಹೆಸರಿಲ್ಲ. ಆ ವಾದ್ಯವೃಂದದಲ್ಲಿ ಕೂತಿದ್ದವರು ಅಥವಾ ಅವರ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ನೆನಪಿರುವಷ್ಟನ್ನು ಬರೆದಿಡಿ.

ನೇತ್ರಾವತಿ ತೀರ

ಈ ಮಾತಿಗೆ ನನ್ನದೂ ದನಿ ಸೇರಿಸುತ್ತೇನೆ. ಲಾಯ್ಡ್ ಗ್ರೀನ್ 1974ರಲ್ಲಿ ಪಾಲ್ ಮೆಕಾರ್ಟ್ನಿಗೂ ನುಡಿಸಿದ್ದಾರೆ. ಆ ಬೇಸಿಗೆ ಮೆಕಾರ್ಟ್ನಿ ನ್ಯಾಶ್‌ವಿಲ್ ಹತ್ತಿರದ ತೋಟದ ಮನೆಯಲ್ಲಿ ಕುಟುಂಬ ಸಮೇತ ಉಳಿದಿದ್ದಾಗ ಮಾಡಿದ 'ಸ್ಯಾಲಿ ಜಿ' ಅದು. ಅಂದರೆ ಬೀಟಲ್ಸ್‌ನ ಮೂವರಿಗೆ ನ್ಯಾಶ್‌ವಿಲ್‌ನ ಇಬ್ಬರು ಸ್ಟೀಲ್ ವಾದಕರು ನುಡಿಸಿದ ಹಾಗಾಯಿತು. ಹೆಸರು ಬರೆದಿಡದೆ ಹೋಗಿದ್ದರೆ ಇದೆಲ್ಲ ನಮಗೆ ಹೇಗೆ ಗೊತ್ತಾಗುತ್ತಿತ್ತು?

ತಂತಿನಾದ

ಬೆನ್ ಕೀತ್ ಮುಂದೇನಾದರು ಅಂತ ಇಬ್ಬರು ನನಗೆ ಪ್ರತ್ಯೇಕವಾಗಿ ಕೇಳಿದರು. ಇಲ್ಲೇ ಹೇಳುತ್ತೇನೆ.

ಅವರು ಆ ವಾರಾಂತ್ಯಕ್ಕೆ ಬಂದವರು ಮರಳಿ ಸೆಷನ್ ಬದುಕಿಗೆ ಪೂರ್ತಿ ಹೋಗಲೇ ಇಲ್ಲ. ನೀಲ್ ಯಂಗ್ ಜೊತೆ ಪ್ರವಾಸ ಹೊರಟರು. ಯಂಗ್ ಪ್ರೀತಿಯಿಂದ ಇಟ್ಟ ಹೆಸರು 'ಲಾಂಗ್ ಗ್ರೇನ್'. 1973ರಲ್ಲಿ ಇಬ್ಬರು ಆಪ್ತರ ಸಾವಿನ ದುಃಖದಲ್ಲಿ ಯಂಗ್ ರಾತ್ರಿಯಿಡೀ ಕೂತು 'ಟುನೈಟ್ಸ್ ದ ನೈಟ್' ರೆಕಾರ್ಡ್ ಮಾಡಿದಾಗಲೂ ಕೀತ್ ಇದ್ದರು. ಅಲ್ಲಿ ಹಾಡುಗಾರನ ದನಿ ಒಡೆಯುತ್ತದೆ, ಶ್ರುತಿ ಜಾರುತ್ತದೆ, ಯಾರೂ ತಿದ್ದಲು ಹೋಗಿಲ್ಲ. ಸ್ಟೀಲ್ ಕೂಡ ಆ ಒಡೆದ ದನಿಯ ಪಕ್ಕದಲ್ಲೇ ನಡೆಯುತ್ತದೆ, ಅದನ್ನು ಚಂದಗಾಣಿಸಲು ನೋಡುವುದಿಲ್ಲ. ನ್ಯಾಶ್‌ವಿಲ್‌ನಲ್ಲಿ ಹತ್ತು ವರ್ಷ ಚೊಕ್ಕಟವಾಗಿ ನುಡಿಸಿದ ಕೈಗೆ ಇದು ಸುಲಭದ ಕೆಲಸವಲ್ಲ. 'ಹಾರ್ವೆಸ್ಟ್'ಗಿಂತ ಇದೇ ಅವರ ದೊಡ್ಡ ಸಾಧನೆ ಅನ್ನುವುದು ನನ್ನ ಅಭಿಪ್ರಾಯ.

1992ರ 'ಹಾರ್ವೆಸ್ಟ್ ಮೂನ್'ನಲ್ಲಿ ನುಡಿಸಿದ್ದಲ್ಲದೆ ಸಹ ನಿರ್ಮಾಪಕರೂ ಆದರು. ಜೂಯೆಲ್ ಅನ್ನುವ ಯುವ ಗಾಯಕಿಯ ಮೊದಲ ಆಲ್ಬಮ್ 1995ರಲ್ಲಿ ಬಂತು, ನಿರ್ಮಾಣ ಕೀತ್ ಅವರದ್ದು. ಅದು ಅಮೆರಿಕದಲ್ಲಿ ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು. 2005ರಲ್ಲಿ ರೈಮನ್ ಸಭಾಂಗಣದಲ್ಲಿ ಯಂಗ್ ನೀಡಿದ ಕಛೇರಿಯನ್ನು ಜೊನಾಥನ್ ಡೆಮಿ ಚಿತ್ರೀಕರಿಸಿದ್ದಾರೆ, ಅದರಲ್ಲಿ ಕೀತ್ ಕೈಗಳನ್ನು ಹತ್ತಿರದಿಂದ ನೋಡಬಹುದು. 2010ರ ಜುಲೈನಲ್ಲಿ ತೀರಿಕೊಂಡರು, ಕ್ಯಾಲಿಫೋರ್ನಿಯಾದ ಯಂಗ್ ಅವರ ತೋಟದಲ್ಲೇ. 73 ವರ್ಷ ಆಗಿತ್ತು.

ಬೆಣ್ಣಿಹಳ್ಳ

ಓದಿ ಮನಸ್ಸು ಭಾರ ಆತ್ರಿ. ಅಣ್ಣಾರ, ಒಂದು ಕೆಲಸದ ಪ್ರಶ್ನಿ. ನಮ್ಮ ಮಗಳಿಗೆ ಇದರ ಹುಚ್ಚು ಹಿಡದದ. ಹುಬ್ಬಳ್ಳಿಯೊಳಗ ಕೂತು ಇದನ್ನ ಕಲಿಯಾಕ ದಾರಿ ಐತೇನು?

ಆಸ್ಟಿನ್‌ವಾಸಿ

ಪೆಡಲ್ ಸ್ಟೀಲನ್ನೇ ಮೊದಲು ತರಿಸಬೇಡಿ. ದುಬಾರಿ, ಬಹಳ ಭಾರ, ಸಾಗಣೆಯಲ್ಲಿ ಒಂದು ಸರಳು ಬಾಗಿದರೂ ಸರಿಮಾಡುವವರು ಅಲ್ಲಿ ಸಿಗುವುದು ಕಷ್ಟ. ಲ್ಯಾಪ್ ಸ್ಟೀಲ್‌ನಿಂದ ಶುರು ಮಾಡಲಿ. ಅದೂ ಸಿಗದಿದ್ದರೆ ಸಾಧಾರಣ ಗಿಟಾರ್ ತೆಗೆದುಕೊಂಡು, ತಂತಿಗಳು ಮೆಟ್ಟಿಲಿಗೆ ತಾಗದಂತೆ ನಟ್ (ತಂತಿಗಳು ಕೂರುವ ಮೇಲ್ತುದಿಯ ಪಟ್ಟಿ) ಎತ್ತರಿಸಿ, ತೊಡೆಯ ಮೇಲೆ ಮಲಗಿಸಿ ಉಕ್ಕಿನ ಕಡ್ಡಿಯಿಂದ ನುಡಿಸಬಹುದು. ಮೊದಲ ಆರು ತಿಂಗಳು ಎರಡೇ ಅಭ್ಯಾಸ: ಕಡ್ಡಿ ಸರಿಯಾಗಿ ಗೆರೆಯ ಮೇಲೆ ನಿಲ್ಲುವುದು, ಮತ್ತು ಬಲ ಅಂಗೈ ಅಂಚಿನಿಂದ ಬೇಡದ ತಂತಿಯನ್ನು ತಡೆಯುವುದು. ತಂಬೂರಿ ಶ್ರುತಿ ಹಾಕಿಕೊಂಡು ಕೂರಲಿ.

ಧಾರವಾಡ ಹತ್ತಿರವೇ ಇದೆ ನಿಮಗೆ. ಹಿಂದೂಸ್ತಾನಿ ಗಾಯನ ಹೇಳಿಕೊಡುವವರ ಹತ್ತಿರ ಸ್ವರಾಭ್ಯಾಸಕ್ಕೆ ಕಳಿಸಿ. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಕಿವಿಗೆ ಕೂತರೆ ಪೆಡಲ್ ಕಾಲಿಗೆ ಬರುವುದು ತಡವಾಗುವುದಿಲ್ಲ.

ಕಾರಂಜಿಕೆರೆ

ಮೈಸೂರಿಗೆ ಬಂದರೆ ಮಗಳನ್ನು ನಮ್ಮ ಮನೆಗೆ ಕರೆತನ್ನಿ. ಗೋಟು ಹಿಡಿಯುವುದನ್ನು ನಾನು ತೋರಿಸಿಕೊಡುತ್ತೇನೆ.

ನೇತ್ರಾವತಿ ತೀರ

ಅವಳಿಗೆ ಕೇಳಿಸಲು ಒಂದು ಹೇಳುತ್ತೇನೆ. ಬರ್ಡ್ಸ್ ಆಲ್ಬಮ್‌ಗೆ 50 ವರ್ಷ ತುಂಬಿದ 2018ರಲ್ಲಿ, ನ್ಯಾಶ್‌ವಿಲ್‌ನಲ್ಲಿ ನುಡಿಸಿದ ಲಾಯ್ಡ್ ಗ್ರೀನ್ ಮತ್ತು ಅದೇ ಆಲ್ಬಮ್‌ನ ಲಾಸ್ ಏಂಜಲೀಸ್ ಸೆಷನ್‌ಗಳಲ್ಲಿ ನುಡಿಸಿದ ಜೇಡೀ ಮೇನೆಸ್ ಇಬ್ಬರೂ ಸೇರಿ ಆ ಹಾಡುಗಳನ್ನು ಎರಡು ಸ್ಟೀಲ್‌ಗಳಲ್ಲಿ ಮತ್ತೆ ನುಡಿಸಿದರು. ಒಂದು ಕಿವಿಗೆ ಒಬ್ಬರು, ಇನ್ನೊಂದಕ್ಕೆ ಇನ್ನೊಬ್ಬರು ಅಂತ ಗಮನ ಕೊಟ್ಟು ಕೇಳಲಿ. ಯಾರು ಯಾವಾಗ ಬಿಡುತ್ತಾರೆ, ಯಾರು ಹಿಡಿಯುತ್ತಾರೆ ಅಂತ ಬರೆದುಕೊಂಡು ಇಲ್ಲಿ ಹಾಕಲಿ, ನಾವೂ ನಮ್ಮ ಪಟ್ಟಿ ತಾಳೆ ನೋಡುತ್ತೇವೆ.